ಹಬ್ಬದ ರಾತ್ರಿ ಅಪ್ಪನ ಬಳಿ ಯಾರು?

ಡಿಸೆಂಬರ್ ತಿಂಗಳು ನಮ್ಮ ತುರ್ವಿಹಾಳ, ಸಿಂಧನೂರು ಭಾಗದ ಕ್ರೈಸ್ತ ಕುಟುಂಬಗಳಿಗೆ ದುಪ್ಪಟ್ಟು ಕೆಲಸದ ತಿಂಗಳು. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಕೊಯ್ಲು ಮತ್ತು ಮಾರಾಟದ ಗಡಿಬಿಡಿ. ಇನ್ನೊಂದು ಕಡೆ ಆಗಮನಕಾಲದ ಪ್ರಾರ್ಥನೆ, ಗೋದಲಿ, ನಕ್ಷತ್ರ, ಮಕ್ಕಳಿಗೆ ಹೊಸ ಬಟ್ಟೆ. ಇಂಥ ಸಮಯದಲ್ಲಿ ಮನೆಯ ಹಿರಿಯರು ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದರೆ, ಆ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ನಾವು ಬಹಿರಂಗವಾಗಿ ಕೇಳಿಕೊಳ್ಳುವುದಿಲ್ಲ. ಈ ವಾರ ಅದನ್ನು ಕೇಳಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಹಬ್ಬಕ್ಕೆ ನಾಲ್ಕು ದಿನವಿರುವಾಗ, ಉಸಿರಾಟದ ತೊಂದರೆ ಹೆಚ್ಚಾಗಿ ನಮ್ಮ ತಂದೆಯವರನ್ನು ದೂರದ ನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ನಾವು ಮೂವರು ಗಂಡುಮಕ್ಕಳು. ಅಣ್ಣನ ಹೊಲಕ್ಕೆ ಕೊಯ್ಲಿನ ಯಂತ್ರ ಬರುವ ದಿನ ನಿಗದಿಯಾಗಿತ್ತು; ನನಗೆ ದೇವಾಲಯದ ಗಾನವೃಂದದ ಹೊಣೆ; ಬೆಂಗಳೂರಿನಲ್ಲಿದ್ದ ತಮ್ಮನಿಗೆ ರಜೆ ದೊರೆತದ್ದೇ ಹಬ್ಬದ ಮುನ್ನಾದಿನ. ಉಳಿದವರು ಅತ್ತಿಗೆ. ನಾಲ್ಕು ರಾತ್ರಿ ಅವರೊಬ್ಬರೇ ವಾರ್ಡಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಕಳೆದರು.

ನಾನು ನಡುರಾತ್ರಿಯ ಬಲಿಪೂಜೆಯಲ್ಲಿ ಹಾಡಿದೆ. ಬೆಳಿಗ್ಗೆ ಕರಜಿಕಾಯಿಯ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದಾಗ ಅತ್ತಿಗೆ ಹೇಳಿದರು: "ಮಾವ ರಾತ್ರಿಯೆಲ್ಲಾ ನಿನ್ನನ್ನೇ ಕೇಳಿದ್ರಪ್ಪಾ. ಈಗ ಬರ್ತಾನ, ಈಗ ಬರ್ತಾನ ಅಂತ ಹೇಳಿ ಹೇಳಿ ನನಗೇ ನಾಚಿಕೆ ಬಂತು." ತಂದೆಯವರು ಗುಣಮುಖರಾಗಿ ಮನೆಗೆ ಬಂದರು, ಇನ್ನೆರಡು ವರ್ಷ ಬಾಳಿದರು. ಆ ರಾತ್ರಿಯ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಪೂಜೆಗೆ ಹೋದದ್ದು ಕರ್ತವ್ಯವಲ್ಲವೇ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಆದರೆ ನಮ್ಮ ಪವಿತ್ರ ಧರ್ಮಸಭೆ ಆ ನೆಪವನ್ನು ನಮಗೆ ಬಿಟ್ಟುಕೊಟ್ಟಿಲ್ಲ. ಗಂಭೀರವಾದ ಕಾರಣವಿದ್ದವರಿಗೆ ಕಡ್ಡಾಯ ಹಬ್ಬಗಳ ಪೂಜೆಯಿಂದ ವಿನಾಯಿತಿ ಇದೆ. ಬಿಟ್ಟು ಬರಲಾಗದ ರೋಗಿಯ ಶುಶ್ರೂಷೆ ಅಂಥ ಕಾರಣಗಳಲ್ಲಿ ಒಂದು. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯು ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ವೃದ್ಧರನ್ನೂ ಅಸ್ವಸ್ಥರನ್ನೂ ಮಾತ್ರವಲ್ಲ, ಅವರ ಆರೈಕೆ ಮಾಡುವವರನ್ನೂ ಮುಕ್ತಗೊಳಿಸಿದೆ. ರೋಗಿಯ ಪಕ್ಕದಲ್ಲಿ ಕುಳಿತವರ ಹಸಿವು, ನಿದ್ದೆ, ದಣಿವುಗಳನ್ನು ಧರ್ಮಸಭೆಯ ಕಾನೂನೇ ಲೆಕ್ಕಕ್ಕೆ ತೆಗೆದುಕೊಂಡಿರುವಾಗ, ಒಂದೇ ಮನೆಯವರಾದ ನಾವು ತೆಗೆದುಕೊಳ್ಳದಿರುವುದು ಸರಿಯೇ?

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಲೇಬೇಕು. ಗುರುಗಳು ಅಭ್ಯಂಗನದ ಎಣ್ಣೆ ಹಿಡಿದು ಬಂದರೆಂದರೆ ರೋಗಿಯ ಕಥೆ ಮುಗಿಯಿತೆಂದು ಭಾವಿಸುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಆದ್ದರಿಂದ ಪ್ರಜ್ಞೆ ತಪ್ಪುವವರೆಗೂ ಅವರನ್ನು ಕರೆಯುವುದಿಲ್ಲ. ಇದು ಸಾಯುವ ಘಳಿಗೆಯಲ್ಲಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದರು. ಸಂತ ಯಕೋಬರ ಪತ್ರವೂ ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲೆಂದೇ ಬೋಧಿಸುತ್ತದೆ. ತಂದೆತಾಯಿ ಮಾತನಾಡುವ, ಪ್ರಾರ್ಥನೆಗೆ ದನಿಗೂಡಿಸುವ ಸ್ಥಿತಿಯಲ್ಲಿರುವಾಗಲೇ ಗುರುಗಳಿಗೆ ತಿಳಿಸಿರಿ. ರೋಗಿಯನ್ನು ರಾಯಚೂರಿಗೋ ಬಳ್ಳಾರಿಗೋ ಒಯ್ದಿದ್ದರೆ ಅಲ್ಲಿಯೂ ನಮ್ಮ ಬಳ್ಳಾರಿ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳಿವೆ. ಊರಿನ ಗುರುಗಳು ಒಂದು ದೂರವಾಣಿ ಕರೆ ಮಾಡಿದರೆ, ಹಬ್ಬದ ದಿನ ಪರಮಪ್ರಸಾದವು ರೋಗಿಯ ಹಾಸಿಗೆಯವರೆಗೂ ಬರಬಲ್ಲದು.

ಇನ್ನು ಆಸ್ಪತ್ರೆಯ ನಿತ್ಯದ ಕೆಲಸ. ದಾದಿಯರಿದ್ದಾರೆ, ನಾವೇಕೆ ಎಂದು ಕೇಳುವವರು ಒಂದು ರಾತ್ರಿ ಅಲ್ಲಿದ್ದು ನೋಡಲಿ. ಔಷಧಿ ತರುವುದು, ರಕ್ತಪರೀಕ್ಷೆಯ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದು, ಸಲೈನ್ ಮುಗಿಯುವ ವೇಳೆಗೆ ಎಚ್ಚರವಿರುವುದು, ಮೈ ಒರೆಸುವುದು, ಶೌಚಕ್ಕೆ ಕರೆದೊಯ್ಯುವುದು, ಇವೆಲ್ಲ ಮನೆಯವರ ಪಾಲಿಗೇ ಬರುತ್ತವೆ. ಆದುದರಿಂದ ರೋಗಿ ದಾಖಲಾದ ದಿನವೇ ಒಡಹುಟ್ಟಿದವರೆಲ್ಲ ಕುಳಿತು ಯಾವ ರಾತ್ರಿ ಯಾರ ಸರದಿ ಎಂದು ಬರೆದಿಡಬೇಕು. ಹಬ್ಬದ ರಾತ್ರಿ ಮಗನದಾಗಲಿ. ಸೊಸೆ ಅಂದು ತನ್ನ ಮಕ್ಕಳೊಡನೆ ಪೂಜೆಗೆ ಹೋಗಲಿ. ರೋಗಿ ತಾಯಿಯಾಗಿದ್ದು ಸ್ತ್ರೀಯರ ವಾರ್ಡಿನಲ್ಲಿ ರಾತ್ರಿ ಗಂಡಸರಿಗೆ ಪ್ರವೇಶವಿಲ್ಲದಿದ್ದರೆ, ಹಗಲಿನ ಹೊಣೆಯನ್ನೂ ಮನೆಯ ಅಡುಗೆಯನ್ನೂ ಗಂಡುಮಕ್ಕಳು ಹೊರಲಿ. ಬರಲಾರದವರು ಹಣದ ಭಾರವನ್ನು ಹೆಚ್ಚು ಹೊತ್ತುಕೊಳ್ಳಲಿ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡನ್ನೂ ಆಧಾರ್ ಕಾರ್ಡನ್ನೂ ಮೊದಲ ದಿನವೇ ಕೊಂಡೊಯ್ಯದೆ, ಅವುಗಳಿಗಾಗಿ ಹಬ್ಬದ ಮುನ್ನಾದಿನ ಊರಿಗೆ ಓಡಿ ಬರುವ ಪಾಡು ಯಾರಿಗೂ ಬೇಡ.

ಸಂದರ್ಶಕರಿಗೂ ಒಂದು ಮಾತು. ಹಬ್ಬದ ಸಂಜೆ ಹತ್ತು ಜನ ಒಟ್ಟಿಗೆ ಮಂಚವನ್ನು ಸುತ್ತುವರಿದು, ಸಕ್ಕರೆ ಕಾಯಿಲೆಯವರ ಕೈಗೆ ಸಿಹಿಯಿಟ್ಟು, ಯಾರಿಗೆ ಇದೇ ರೋಗ ಬಂದು ಏನಾಯಿತೆಂದು ವಿವರಿಸಿ ಹೊರಡುವುದು ಸೇವೆಯಲ್ಲ. ಒಬ್ಬರು ಬನ್ನಿ. ಜೊತೆಗಿರುವವರಿಗೆ ಎರಡು ರೊಟ್ಟಿ, ಪಲ್ಯ ತನ್ನಿ. "ನೀವು ಸ್ನಾನ ಮಾಡಿ ಸ್ವಲ್ಪ ಮಲಗಿ ಬನ್ನಿ, ಅಲ್ಲಿಯವರೆಗೆ ನಾನಿರುತ್ತೇನೆ" ಎನ್ನಿ. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಘೋಷಿಸಿದ ವಿಶ್ವ ರೋಗಿಗಳ ದಿನವನ್ನು 1993ರಿಂದ ಪ್ರತಿ ಫೆಬ್ರವರಿ 11ರಂದು ಆಚರಿಸುತ್ತಿದ್ದೇವೆ. ಅಂದಿನ ವಿಶೇಷ ಪ್ರಾರ್ಥನೆಗೆ ಡಿಸೆಂಬರಿನ ಈ ಸಣ್ಣ ಸೇವೆಯೇ ಪೂರ್ವಸಿದ್ಧತೆ. ರೋಗಿಗಳ ಪಾಲಕ ಸಂತರಾದ ಕಮಿಲಸ್ ದೆ ಲೆಲ್ಲಿಸರು (1550-1614) ತಮ್ಮ ಕಾಲಿನ ಮಾಯದ ಹುಣ್ಣಿನ ನೋವನ್ನು ಸಹಿಸುತ್ತಲೇ ರೋಗಿಗಳ ಮಂಚದಿಂದ ಮಂಚಕ್ಕೆ ನಡೆದವರು. ನಮ್ಮ ದಣಿವು ಅದಕ್ಕಿಂತ ದೊಡ್ಡದೇನಲ್ಲ.

ಹಾಗಾದರೆ ಮಕ್ಕಳ ಹಬ್ಬವನ್ನೇ ನಿಲ್ಲಿಸಬೇಕೇ? ಬೇಡ. ಮನೆಯಲ್ಲಿ ನಕ್ಷತ್ರ ತೂಗಲಿ, ಗೋದಲಿ ಕಟ್ಟಲಿ. ಹಾಸಿಗೆಯಲ್ಲಿರುವ ಅಜ್ಜನೂ ಅದನ್ನೇ ಬಯಸುತ್ತಾನೆ. ತನ್ನಿಂದ ಮನೆಯ ಹಬ್ಬ ಕೆಟ್ಟಿತೆಂಬ ಕೊರಗು ರೋಗಕ್ಕಿಂತ ಹೆಚ್ಚು ಬಾಧಿಸೀತು. ಆದರೆ ಹಬ್ಬದ ಒಂದು ಪಾಲು ಆಸ್ಪತ್ರೆಗೂ ಸಲ್ಲಲಿ. ಮೊಮ್ಮಕ್ಕಳು ಬರೆದ ಶುಭಾಶಯ ಪತ್ರ ತಲೆದಿಂಬಿನ ಬಳಿ ಇರಲಿ. ಪಕ್ಕದ ಮಂಚದವರಿಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಒಂದು ಜಪಸರ ಹೇಳೋಣ. ಆ ಪಕ್ಕದ ಮಂಚದಲ್ಲಿರುವವರು ಯಾವ ಧರ್ಮದವರೇ ಆಗಿರಲಿ, ಅವರ ಜೊತೆಗಿರುವವರಿಗೂ ಒಂದು ತುತ್ತು ಹಂಚೋಣ.

ತಂದೆಯ ವೃದ್ಧಾಪ್ಯದಲ್ಲಿ ಆತನಿಗೆ ಆಸರೆಯಾಗಬೇಕೆಂದು ಸಿರಾಖನ ಗ್ರಂಥ ಮಕ್ಕಳಿಗೆ ಬೋಧಿಸುತ್ತದೆ. ಈ ಕ್ರಿಸ್ತಜಯಂತಿಗೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಹೊಸ ಬಟ್ಟೆ ಕೊಳ್ಳುವ ಮುನ್ನ ಒಂದು ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಿರಿ: ಇಪ್ಪತ್ತನಾಲ್ಕರ ರಾತ್ರಿ ಅವರ ಬಳಿ ಯಾರಿರುತ್ತಾರೆ?