ಹೆರಿಗೆಯ ತಾರೀಕೂ ಗೊತ್ತು, ಮಳೆಯ ತಾರೀಕೂ ಗೊತ್ತು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಳೆಗಾಲದಲ್ಲಿ ಹುಟ್ಟಲಿರುವ ಮಗುವಿನ ಮಟ್ಟಿಗೆ ಎರಡು ಸಂಗತಿಗಳು ಸರ್ಕಾರಕ್ಕೆ ಮೊದಲೇ ಗೊತ್ತಿರುತ್ತವೆ. ಒಂದು, ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ಅಂದಾಜು ದಿನ. ಊರವರ ಬಾಯಲ್ಲಿ ಅದು ಬರೀ 'ಡೇಟ್'. ಇನ್ನೊಂದು, ಹವಾಮಾನ ಇಲಾಖೆಯ ಮುನ್ಸೂಚನೆ. ಡೇಟ್ ಆರೇಳು ತಿಂಗಳು ಮೊದಲೇ ಸಿಗುತ್ತದೆ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1; ನಾಲ್ಕಾರು ದಿನ ಹಿಂದೆಮುಂದಾದೀತು, ತಪ್ಪುವುದಂತೂ ಇಲ್ಲ. ಮುಂದಿನ ವಾರಗಳ ಅಂದಾಜನ್ನು ಇಲಾಖೆ ಪ್ರತಿ ಗುರುವಾರ ಕೊಡುತ್ತದೆ, ಜಿಲ್ಲಾವಾರು ಎಚ್ಚರಿಕೆ ಕೆಲ ದಿನ ಮುಂಚೆಯೇ ಬರುತ್ತದೆ. ಈ ಎರಡು ಕಾಗದಗಳನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಯಾವ ಮನೆಯ ಹೆಣ್ಣುಮಗಳು ಯಾವ ವಾರ ಹೊಳೆಯಾಚೆ ಸಿಕ್ಕಿಬೀಳಬಹುದು ಎಂದು ಲೆಕ್ಕ ಹಾಕುವುದು ಕಷ್ಟದ ಕೆಲಸವಲ್ಲ. ಕೆಲವೆಡೆ ಆಶಾ ಕಾರ್ಯಕರ್ತೆಯರು ತಾವಾಗಿಯೇ ಎಚ್ಚರಿಸುತ್ತಾರೆ, ಮಳೆಗಾಲದ ಸಭೆಗಳಲ್ಲಿ ಅಧಿಕಾರಿಗಳ ಸೂಚನೆಯೂ ಬರುತ್ತದೆ ನಿಜ. ಆದರೆ ಸೂಚನೆ ಬೇರೆ, ವ್ಯವಸ್ಥೆ ಬೇರೆ. ದಾರಿ ಕಡಿಯುವ ಊರುಗಳ ತುಂಬು ಗರ್ಭಿಣಿಯರನ್ನು ಡೇಟಿಗೆ ಹತ್ತು ದಿನ ಮೊದಲೇ ತಾಲೂಕು ಆಸ್ಪತ್ರೆಯ ಪಕ್ಕದಲ್ಲಿ ಉಳಿಸಿಕೊಳ್ಳುವ ಕೊಠಡಿಗಳು ಈ ಮೂರು ತಾಲೂಕುಗಳಿಗೆ ಬೇಕು. ಅದು ಯಾರದೋ ದಯೆಯಾಗಿ ಸಿಗಬಾರದು, ಹಕ್ಕಾಗಿ ಸಿಗಬೇಕು.

ಮನೆಯವರು ತಮ್ಮ ಪಾಲಿನ ಸಿದ್ಧತೆಯಲ್ಲಿ ಏನೂ ಕಡಿಮೆ ಮಾಡುವುದಿಲ್ಲ. ಆಟಿ ತಿಂಗಳಿಗೆ ಹೆರಿಗೆಯೆಂದರೆ ಏಪ್ರಿಲ್‌ನಿಂದಲೇ ಕೆಲಸ ಶುರು. ಬಾಣಂತಿಯ ಮೀಯುವ ನೀರಿಗೆ ಹಂಡೆ ದಿನವೂ ಕಾಯಬೇಕಾದ್ದರಿಂದ ಬಿಸಿಲಿರುವಾಗಲೇ ಸೌದೆ ಒಡೆದು, ಒಣಗಿಸಿ ಕೊಟ್ಟಿಗೆ ತುಂಬುತ್ತಾರೆ. ಜಾರಿದ ಹಂಚು ಬದಲಾಯಿಸಿ, ಇರಿಚಲು ಹೊಡೆಯುವ ಕಡೆಗೆ ಟಾರ್ಪಾಲು ಕಟ್ಟಿ, ಬಾಣಂತಿ ಕೋಣೆಯ ಗೋಡೆಗೆ ತೇವ ಏರದಂತೆ ನೋಡಿಕೊಳ್ಳುತ್ತಾರೆ. ವಾರಗಟ್ಟಲೆ ಬಿಸಿಲು ಕಾಣದ ದಿನಗಳಲ್ಲಿ ಮಗುವಿನ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಆ ಹಗ್ಗಕ್ಕೆ ಮೊಳೆಯೂ ಮೊದಲೇ ಬಿದ್ದಿರುತ್ತದೆ. ಲೇಹ್ಯದ ಸಾಮಾನು ಡಬ್ಬದೊಳಗೆ, ಮಾಡಿನ ಮೇಲೆ ವಾಲಿದ ಗೆಲ್ಲು ನೆಲಕ್ಕೆ. ಇಷ್ಟೆಲ್ಲ ನಡೆಯುವುದು ಹೆರಿಗೆ ಆದ ಮೇಲಿನ ದಿನಗಳಿಗಾಗಿ. ನೋವು ಕಾಣಿಸಿಕೊಂಡ ಗಳಿಗೆಯಿಂದ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗಿನ ಹೊತ್ತಿಗೆ ಮನೆಯವರು ಮಾಡಬಹುದಾದದ್ದು ಜೀಪಿನವರ ನಂಬರು ಬರೆದಿಟ್ಟುಕೊಳ್ಳುವುದಷ್ಟೇ. ಹೊಳೆಗೆ ಸೇತುವೆ, ಗುಡ್ಡದ ಬದಿಗೆ ತಡೆಗೋಡೆ, ವಿದ್ಯುತ್ ಕಂಬ, ಕರೆಂಟು ಹೋದರೂ ನಿಲ್ಲದ ಮೊಬೈಲ್ ಟವರ್ ಇವೆಲ್ಲ ಒಂದು ಕುಟುಂಬದ ಕೈಮೀರಿದ ಸಂಗತಿಗಳು. ಮನೆ ಎಷ್ಟೇ ಸಿದ್ಧವಿರಲಿ, ಮನೆಯಿಂದ ಹೊರಡುವ ದಾರಿ ಸಿದ್ಧವಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆ.

ಈ ದಾರಿಗಳ ಇತಿಹಾಸ ಧೈರ್ಯ ಕೊಡುವಂಥದ್ದಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಬೀಳುವ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. 2018ರ ಆಗಸ್ಟ್ 17ರಂದು ಜೋಡುಪಾಲದಲ್ಲಿ ಗುಡ್ಡ ಜರಿದಾಗ ಸಂಪಾಜೆ ಘಾಟಿಯ ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿತು. ಮನೆ ಬಿಟ್ಟು ಬಂದವರಿಗೆ ಸುಳ್ಯ ತಾಲೂಕಿನ ಊರುಗಳಲ್ಲಿ ಪರಿಹಾರ ಶಿಬಿರ ತೆರೆಯಬೇಕಾಯಿತು. 2022ರ ಆಗಸ್ಟ್ ಮೊದಲ ದಿನಗಳ ಮಳೆ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕ ಭಾಗದ ಸೇತುವೆ, ರಸ್ತೆಗಳನ್ನು ಕೊಚ್ಚಿಕೊಂಡು ಹೋಯಿತು. ಸುಬ್ರಹ್ಮಣ್ಯದ ಕುಮಾರಧಾರಾ ಬಳಿ ಮನೆಯ ಮೇಲೆ ಗುಡ್ಡ ಬಿದ್ದು ಇಬ್ಬರು ಪುಟ್ಟ ಅಕ್ಕತಂಗಿಯರು ಸತ್ತರು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯ ರಸ್ತೆಯೂ ಎಡಕುಮೇರಿ ಬಳಿಯ ರೈಲು ಹಳಿಯೂ ಕುಸಿತಕ್ಕೆ ಸಿಕ್ಕಿದವು. ಕಡಬದ ಹೊಸ್ಮಠ, ಪುತ್ತೂರಿನ ಚೆಲ್ಯಡ್ಕ ಎಂದರೆ ಎಷ್ಟೋ ವರ್ಷ ಮುಳುಗು ಸೇತುವೆ ಎಂದೇ ಅರ್ಥ. ಇವು ಪತ್ರಿಕೆಗೆ ಬರುವಷ್ಟು ದೊಡ್ಡ ದಾರಿಗಳ ಕತೆ. ಇವುಗಳಾಚೆ ಅಡಿಕೆ ಮರದ ಎರಡು ಮೂರು ಕಾಂಡ ಜೋಡಿಸಿ, ಹಿಡಿಯಲು ಒಂದು ಬಿದಿರು ಕಟ್ಟಿದ ಕಾಲುಸಂಕಗಳಿವೆ. ಪಾಚಿ ಕಟ್ಟಿದ ಆ ಸಂಕದ ಮೇಲೆ ಆರೋಗ್ಯವಂತನೂ ಕಾಲಿನ ಹೆಬ್ಬೆರಳು ಊರಿ ನಡೆಯಬೇಕು. ತುಂಬು ಗರ್ಭಿಣಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ದಾಟಿಸುವುದಂತೂ ಆಗದ ಮಾತು, ಏಕೆಂದರೆ ಸಂಕದ ಅಗಲ ಒಬ್ಬರಿಗಷ್ಟೇ. ಚಂಡಮಾರುತ ಕರಾವಳಿಯ ಚಿಂತೆ, ನಮ್ಮ ಘಟ್ಟದ ಬುಡಕ್ಕೇನು ಎಂಬ ಮಾತೂ ಹಳೆಯದಾಯಿತು. 2021ರ ಮೇ ತಿಂಗಳ ತೌಕ್ತೆ ಮುಂಗಾರಿಗೆ ಮೊದಲೇ ಜಿಲ್ಲೆಗೆ ಗಾಳಿಮಳೆ ತಂದಿತು. 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ದಾರಿಯ ಮಾತಿಗೂ ತಾಯಿಯ ಜೀವಕ್ಕೂ ನೇರ ನಂಟಿದೆ. ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು 1994ರಲ್ಲಿ ವಿವರಿಸಿದರು: ಆಸ್ಪತ್ರೆಗೆ ಹೊರಡಲು ನಿರ್ಧರಿಸುವಲ್ಲಿ ತಡ, ಆಸ್ಪತ್ರೆ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಮೊದಲನೆಯದನ್ನು ನಮ್ಮ ತಾಲೂಕುಗಳು ಬಹುಮಟ್ಟಿಗೆ ಗೆದ್ದಿವೆ. ಆಸ್ಪತ್ರೆ ಬೇಡ ಎನ್ನುವ ಮನೆ ಹುಡುಕಿದರೂ ಸಿಗುವುದು ಕಷ್ಟ. ಉಳಿದಿರುವುದು ಎರಡನೆಯದು. ಜಗತ್ತಿನಲ್ಲಿ ಹೆರಿಗೆಯ ಸುತ್ತಿನ ತಾಯಂದಿರ ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿಗೆ ಅತಿ ರಕ್ತಸ್ರಾವವೇ ಕಾರಣ, ಮತ್ತು ಅದು ಕೊಡುವ ಅವಧಿ ದಿನಗಳದ್ದಲ್ಲ, ಗಂಟೆಗಳದ್ದು. ಸುಳ್ಯದಿಂದ ಮಂಗಳೂರು ಎಂಬತ್ತು ಕಿಲೋಮೀಟರಿಗೂ ಹೆಚ್ಚು, ಸುಬ್ರಹ್ಮಣ್ಯದಿಂದ ನೂರರ ಮೇಲೆ. ಮೊದಲ ಐದು ಕಿಲೋಮೀಟರಿನಲ್ಲೇ ಮರ ಬಿದ್ದಿದ್ದರೆ, 108ಕ್ಕೆ ಕರೆ ಮಾಡಲು ಸಿಗ್ನಲ್ಲೂ ಇಲ್ಲದಿದ್ದರೆ, ಉಳಿದ ತೊಂಬತ್ತೈದು ಕಿಲೋಮೀಟರಿನ ಕಾಂಕ್ರೀಟು ರಸ್ತೆಯಿಂದ ಪ್ರಯೋಜನವಿಲ್ಲ.

ಇಷ್ಟು ಗಾಬರಿ ಏಕೆ, ಕರ್ನಾಟಕದಲ್ಲಿ ಶೇ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆಯಲ್ಲ, ದಕ್ಷಿಣ ಕನ್ನಡವಂತೂ ಮುಂದುವರಿದ ಜಿಲ್ಲೆಯಲ್ಲವೇ ಎಂದು ಕೇಳಬಹುದು. ಆ ಯಶಸ್ಸೇ ಹೊಸ ಅಪಾಯವನ್ನೂ ತಂದಿದೆ ಎಂಬುದನ್ನು ಗಮನಿಸಬೇಕು. ಹಿಂದೆ ಹೊಳೆ ಉಕ್ಕಿದರೂ ಹೊಳೆಯ ಈಚೆಗೆ ಒಬ್ಬ ಸೂಲಗಿತ್ತಿ ಇರುತ್ತಿದ್ದಳು. ಈಗ ಆ ತಲೆಮಾರು ಮುಗಿದಿದೆ. ಮುಗಿಯಲೇಬೇಕಿತ್ತು ಕೂಡ, ಆಸ್ಪತ್ರೆಯ ಹೆರಿಗೆ ಎಷ್ಟೋ ಜೀವ ಉಳಿಸಿದೆ. ಆದರೆ ಹೆರಿಗೆಯನ್ನು ಆಸ್ಪತ್ರೆಗೆ ಒಯ್ದವರು ಅಲ್ಲಿಗೆ ಹೋಗುವ ದಾರಿಯನ್ನೂ ಹೆರಿಗೆಯ ಭಾಗವೆಂದೇ ಎಣಿಸಬೇಕು. ನಾವಿನ್ನೂ ಹಾಗೆ ಎಣಿಸಿಲ್ಲ. ಇನ್ನು ಮುಂದುವರಿದವರು ಎಂಬ ಹೆಮ್ಮೆಯ ಮಾತು: 2018–20ರ ಮಾದರಿ ನೋಂದಣಿ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ, ನಮ್ಮದೇ ಮಳೆ, ನಮ್ಮದೇ ಘಟ್ಟ ಹಂಚಿಕೊಂಡ ಕೇರಳದಲ್ಲಿ 19. ಹೋಲಿಸಿಕೊಳ್ಳಬೇಕಾದ್ದು ಪಕ್ಕದ ಮನೆಯೊಂದಿಗೆ.

ಇಂದು ರೆಡ್ ಅಲರ್ಟ್ ಬಂದರೆ ನಮ್ಮಲ್ಲಿ ಖಚಿತವಾಗಿ ಆಗುವುದು ಒಂದೇ: ಶಾಲೆಗೆ ರಜೆ. ರಾತ್ರಿಯೇ ಘೋಷಣೆ, ಬೆಳಗಾಗುವುದರೊಳಗೆ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುದ್ದಿ. ಮಕ್ಕಳು ಸಂಕ ದಾಟಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ಅದೇ ಸಂಕವನ್ನು ದಾಟಲೇಬೇಕಾದವಳಿಗೆ ಆ ಎಚ್ಚರಿಕೆ ಏನನ್ನೂ ಹೇಳುವುದಿಲ್ಲ. ಒಡಿಶಾ ಈ ಪಾಠವನ್ನು ಚಂಡಮಾರುತಗಳಿಂದ ಕಲಿತಿದೆ. 2024ರ ಅಕ್ಟೋಬರಿನಲ್ಲಿ ದಾನಾ ಚಂಡಮಾರುತ ಅಪ್ಪಳಿಸುವ ಮೊದಲೇ ಅಲ್ಲಿ 4,400ಕ್ಕೂ ಹೆಚ್ಚು ಗರ್ಭಿಣಿಯರನ್ನು ಆರೋಗ್ಯ ಕೇಂದ್ರಗಳಿಗೆ ಸ್ಥಳಾಂತರಿಸಲಾಗಿತ್ತು, ಅವರಲ್ಲಿ ಸುಮಾರು 1,600 ಮಂದಿಗೆ ಅಲ್ಲೇ ಹೆರಿಗೆಯಾಯಿತು ಎಂದು ಮುಖ್ಯಮಂತ್ರಿ ಮೋಹನ್ ಚರಣ್ ಮಾಝಿ ಲೆಕ್ಕ ಕೊಟ್ಟರು. ದುರ್ಗಮ ಪ್ರದೇಶದ ಗರ್ಭಿಣಿಯರಿಗಾಗಿ ಆ ರಾಜ್ಯದಲ್ಲಿ 'ಮಾ ಗೃಹ' ಎಂಬ ವ್ಯವಸ್ಥೆಯೂ ಇದೆ. ಕ್ಯೂಬಾ ಇಂಥ ತಾಯ್ಮನೆಗಳನ್ನು ಕಟ್ಟಲು ಶುರುಮಾಡಿದ್ದು 1962ರಲ್ಲಿ. ಆಸ್ಪತ್ರೆ ದೂರವಿರುವ ಕಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಶಿಫಾರಸು ಮಾಡಿತು; ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂದು ಒಪ್ಪಿಕೊಂಡೇ ಮಾಡಿತು. ಆ ಎಚ್ಚರ ನಮಗೂ ಇರಲಿ. ಕೊಠಡಿ ಕಟ್ಟಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಪಕ್ಕದ ಆಸ್ಪತ್ರೆಯಲ್ಲಿ ವೈದ್ಯರು, ಅರಿವಳಿಕೆ ತಜ್ಞರು, ರಕ್ತ, ಜನರೇಟರ್ ಇದ್ದರಷ್ಟೇ ಅದಕ್ಕೆ ಅರ್ಥ.

ಖರ್ಚು ದೊಡ್ಡದಾಗಬಹುದೇ? ಒಂದು ಸ್ಥೂಲ ಲೆಕ್ಕ ಹಾಕೋಣ. ಕಡಬ ಹುಟ್ಟಿದ್ದು ಹಳೆಯ ಪುತ್ತೂರು ಮತ್ತು ಸುಳ್ಯ ತಾಲೂಕುಗಳಿಂದ. 2011ರ ಗಣತಿಯಲ್ಲಿ ಆ ಎರಡರ ಒಟ್ಟು ಜನಸಂಖ್ಯೆ ಸುಮಾರು 4.3 ಲಕ್ಷ. ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ ಹದಿನಾರರ ಆಸುಪಾಸು ಎಂದು ಹಿಡಿದರೆ ವರ್ಷಕ್ಕೆ ಆರು ಸಾವಿರದ ಒಂಬೈನೂರರಷ್ಟು ಹೆರಿಗೆ, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುಮಾರು 2,300. ಇವರಲ್ಲಿ ಹತ್ತರಲ್ಲೊಬ್ಬರು ದಾರಿ ಕಡಿಯುವ ಊರಿನವರು ಎಂದು ಊಹಿಸಿದರೆ 230 ಮಂದಿ. ಒಬ್ಬೊಬ್ಬರು ಹತ್ತು ದಿನ ಉಳಿದರೂ ಮೂರೂ ತಾಲೂಕುಗಳಿಗೆ ಸೇರಿ ಒಂದು ದಿನಕ್ಕೆ ಬೇಕಾಗುವುದು ಸರಾಸರಿ ಹತ್ತೊಂಬತ್ತು ಹಾಸಿಗೆ. ಊಹೆ ತಪ್ಪಿ ಸಂಖ್ಯೆ ಇಮ್ಮಡಿಯಾದರೂ ನಲವತ್ತು ದಾಟುವುದಿಲ್ಲ. ಇವರು ರೋಗಿಗಳಲ್ಲ, ಇವರಿಗೆ ಬೇಕಾದ್ದು ಒಣ ಕೋಣೆ, ಬಿಸಿ ಊಟ, ಬಿಸಿನೀರು, ಜೊತೆಗೊಬ್ಬರಿಗೆ ಜಾಗ, ದಿನಕ್ಕೊಮ್ಮೆ ಶುಶ್ರೂಷಕಿಯ ಭೇಟಿ. ತಾಯಿ ಕಾರ್ಡಿನಲ್ಲಿ ಡೇಟಿನ ಪಕ್ಕಕ್ಕೆ 'ಮಳೆಗಾಲದಲ್ಲಿ ದಾರಿ ಕಡಿಯುತ್ತದೆಯೇ' ಎಂಬ ಒಂದು ಸಾಲು ಸೇರಿಸಿದರೆ ಪಟ್ಟಿ ತಾನಾಗಿ ತಯಾರಾಗುತ್ತದೆ. ಹೇಳಿದ ದಿನವೇ ಹೆರಿಗೆಯಾಗುವುದು ಇಪ್ಪತ್ತರಲ್ಲಿ ಒಬ್ಬರಿಗೆ ಎಂಬುದು ತಿಳಿದದ್ದೇ. ಹತ್ತು ದಿನ ಮೊದಲು ಎನ್ನುವುದು ಅದಕ್ಕಾಗಿಯೇ. ತಿಂಗಳು ಮುಂಚೆಯೇ ಆಗುವ ಹೆರಿಗೆಗೆ ಇದು ಉತ್ತರವಲ್ಲ. ಅದಕ್ಕೆ ಆಂಬುಲೆನ್ಸೂ ಬೇಕು, ಸೇತುವೆಯೂ ಬೇಕು.

ಸೇತುವೆಯ ಮಾತು ಬಂದಾಗ ಗಟ್ಟಿಯಾದ ಆಕ್ಷೇಪ ಏಳುತ್ತದೆ. ಕೊಠಡಿ ಕೊಟ್ಟರೆ ಸರ್ಕಾರ ಸೇತುವೆಯನ್ನು ಮರೆಯುತ್ತದೆ, ಗರ್ಭಿಣಿಯನ್ನು ಸಾಗಿಸಿ ಸಮಸ್ಯೆಯನ್ನು ಅಲ್ಲೇ ಬಿಡುತ್ತದೆ ಎಂಬ ಅನುಮಾನ. ಅನುಭವದಿಂದ ಬಂದ ಅನುಮಾನ, ತಳ್ಳಿಹಾಕುವಂತಿಲ್ಲ. ಕಡಿಮೆ ಖರ್ಚಿನಲ್ಲಿ ಊರು ಜೋಡಿಸುವುದು ಹೇಗೆಂದು ದೇಶಕ್ಕೆ ತೋರಿಸಿದವರೇ ಸುಳ್ಯದವರು: 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ಆರಂಭಿಸಿದ ಗಿರೀಶ್ ಭಾರದ್ವಾಜ್ ಮುಂದೆ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಪಡೆದರು. ಅವರ ಊರಿನ ಸುತ್ತಲೇ ಇನ್ನೂ ಅಡಿಕೆ ಮರದ ಸಂಕ ಉಳಿದಿದ್ದರೆ ಅದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಲ್ಲ. ಹಾಗಿದ್ದೂ ಸೇತುವೆ ಒಂದೇ ಸಾಲದು. ಜೋಡುಪಾಲದಲ್ಲಿ, ಶಿರಾಡಿಯಲ್ಲಿ ನಿಂತುಹೋದದ್ದು ಹೆದ್ದಾರಿ; ಜರಿಯುವ ಗುಡ್ಡ ಸೇತುವೆಯನ್ನು ಕೇಳಿ ಜರಿಯುವುದಿಲ್ಲ. ಬಜೆಟ್ಟು, ಟೆಂಡರು, ಅರಣ್ಯ ಇಲಾಖೆಯ ಒಪ್ಪಿಗೆ ಮುಗಿದು ಸೇತುವೆ ಏಳುವಷ್ಟರಲ್ಲಿ ಈ ವರ್ಷ ಹುಟ್ಟಿದ ಮಗು ಶಾಲೆಗೆ ಹೋಗುತ್ತಿರುತ್ತದೆ. ಕೊಠಡಿಗಳ ಪಟ್ಟಿಯಲ್ಲಿ ಯಾವ ಊರಿನ ಹೆಸರು ಪ್ರತಿ ವರ್ಷ ಬರುತ್ತದೋ ಆ ಊರಿಗೆ ಮೊದಲ ಸೇತುವೆ ಎಂದು ನಿಯಮ ಮಾಡಿದರೆ ಒಂದು ಇನ್ನೊಂದಕ್ಕೆ ನೆಪವಾಗುವುದಿಲ್ಲ, ಒತ್ತಾಯವಾಗುತ್ತದೆ.

ಹೆಂಗಸರು ಮನೆ ಬಿಟ್ಟು ಬಂದಾರೆಯೇ ಎಂಬುದು ಇನ್ನೊಂದು ಪ್ರಶ್ನೆ. ಹೆರಿಗೆಗೆ ಗಂಡನ ಮನೆ ಬಿಟ್ಟು ಹೊರಡುವುದು ಈ ಸೀಮೆಗೆ ಹೊಸತಲ್ಲ. ಬಯಕೆ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ತೊಡಕಿರುವುದು ಎರಡನೇ, ಮೂರನೇ ಹೆರಿಗೆಯಲ್ಲಿ. ಆಗ ಮನೆಯಲ್ಲೊಂದು ಮಗು, ಹಟ್ಟಿಯಲ್ಲೊಂದು ದನ, ತಪ್ಪಿದರೆ ಹೋಗುವ ದಿನಗೂಲಿ. ಆದ್ದರಿಂದ ದೊಡ್ಡ ಮಗುವನ್ನು ಜೊತೆಗೆ ಇಟ್ಟುಕೊಳ್ಳಲು ಅವಕಾಶವಿರಬೇಕು, ಕೂಲಿಯ ನಷ್ಟಕ್ಕೆ ಭತ್ಯೆ ಸಿಗಬೇಕು, ಒತ್ತಾಯ ಎಲ್ಲೂ ಇರಬಾರದು. ಕೈಯಲ್ಲಿ ಕಾಸಿರುವವರು ಈಗಲೂ ಇದನ್ನೇ ಮಾಡುತ್ತಾರೆ: ಡೇಟ್ ಹತ್ತಿರ ಬಂದಂತೆ ಪೇಟೆಯ ನೆಂಟರ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಖಾಸಗಿ ಆಸ್ಪತ್ರೆಯಲ್ಲಿ ಮೊದಲೇ ದಾಖಲಾಗುತ್ತಾರೆ. ಆ ಅನುಕೂಲ ಇಲ್ಲದವರು ಘಟ್ಟದ ಬುಡದ ಮಲೆಕುಡಿಯರು, ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕಾರ್ಮಿಕರ ಕುಟುಂಬಗಳು, ಪೇಟೆಯಲ್ಲಿ ನೆಂಟರಿಲ್ಲದ ಕೂಲಿಕಾರರು. ಉಳ್ಳವರು ದುಡ್ಡು ಕೊಟ್ಟು ಕೊಳ್ಳುವ ಹತ್ತು ದಿನದ ನೆಮ್ಮದಿಯನ್ನು ಇವರಿಗೆ ಸರ್ಕಾರ ಕೊಡಬೇಕು ಎಂಬುದರಲ್ಲಿ ಅತಿಯಾಸೆಯೇನೂ ಇಲ್ಲ.

ಪ್ರತಿ ವರ್ಷ ಮಳೆಗೆ ಮೊದಲು ತಾಲೂಕು ಕಚೇರಿಗಳಲ್ಲಿ ಮುಂಗಾರು ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ದೋಣಿ, ಜೇಸಿಬಿ, ಮರ ಕಡಿಯುವ ಯಂತ್ರ, ಕಾಳಜಿ ಕೇಂದ್ರಗಳ ಲೆಕ್ಕ ಅಲ್ಲಿ ಒಪ್ಪಿಸಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಹೆರಲಿರುವವರ ಗ್ರಾಮವಾರು ಪಟ್ಟಿಯೂ ಅದೇ ಕಡತದಲ್ಲಿರಲಿ, ಅದಕ್ಕೊಬ್ಬ ಹೊಣೆಗಾರ ಅಧಿಕಾರಿಯ ಹೆಸರಿರಲಿ. ಗುಡ್ಡ ಯಾವ ದಿನ ಜರಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ ಎಂದು ಆಡಳಿತ ಹೇಳಿದರೆ ಒಪ್ಪಬಹುದು. ಆ ಗುಡ್ಡದಾಚೆ ಜುಲೈಯಲ್ಲಿ ಯಾರು ಹೆರಲಿದ್ದಾರೆಂದು ಗೊತ್ತಿರಲಿಲ್ಲ ಎಂದು ಮಾತ್ರ ಹೇಳುವಂತಿಲ್ಲ. ಅವಳ ಹೆಸರು, ಊರು, ತಾರೀಕು ಬರೆದುಕೊಂಡು ಕಾರ್ಡು ಕೊಟ್ಟದ್ದು ಅದೇ ಸರ್ಕಾರ.