ಗುಣುಗುಟ್ಟುವ ಚಟವೂ ಕ್ರೈಸ್ತ ದೃಷ್ಟಿಯೂ

ಖರ್ಚಿಲ್ಲದೆ ಮನುಷ್ಯನಿಗೆ ಅಂಟಿಕೊಳ್ಳುವ ಚಟಗಳಲ್ಲಿ ಗೊಣಗುವುದಕ್ಕೆ ಮೊದಲ ಸ್ಥಾನ ಕೊಡಬೇಕು. ಎಲೆ ಅಡಿಕೆಗೆ ಕಾಸು ಬೇಕು. ಚಹಕ್ಕೆ ಗೆಳೆಯನೊಬ್ಬನ ಕಿಸೆಯಾದರೂ ಬೇಕು. ಗೊಣಗಾಟಕ್ಕೆ ಇವಾವುವೂ ಬೇಡ; ಕೇಳುವ ಒಂದು ಕಿವಿ ಸಿಕ್ಕರೆ ಸಾಕು. ಮುಂಜಾನೆ ಅಥಣಿ ರಸ್ತೆಯಲ್ಲಿ ತಿಕೋಟಾ, ತೊರವಿಗಳ ಮೇಲಿಂದ ಬರುವ ಬಸ್ಸಿನಲ್ಲಾಗಲಿ, ಬಬಲೇಶ್ವರದ ಕಡೆಯಿಂದ ಬರುವ ಬಸ್ಸಿನಲ್ಲಾಗಲಿ ನಿಂತುಕೊಂಡು ಕಾಲೇಜಿಗೆ ಬರುವವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಿಸಿಲು, ಧೂಳು, ನಳದ ನೀರು, ಪರೀಕ್ಷೆಯ ವೇಳಾಪತ್ರಿಕೆ, ಬಾರದ ವಿದ್ಯಾರ್ಥಿವೇತನ—ಒಂದಾದ ಮೇಲೊಂದರ ಪಾಳಿ ಬರುತ್ತದೆ. ಬಸ್ಸಿನಿಂದ ಇಳಿಯುವ ಹೊತ್ತಿಗೆ ಲೋಕವು ಇದ್ದಂತೆಯೇ ಇರುತ್ತದೆ. ನಮ್ಮ ಮುಖಗಳು ಮಾತ್ರ ಇನ್ನಷ್ಟು ಬಾಡಿರುತ್ತವೆ.

ಈ ಚಟವನ್ನು ಕುರಿತು ಬೈಬಲ್ಲಿನಲ್ಲಿ ಇರುವಷ್ಟು ವಿಸ್ತಾರವಾದ ವಿಚಾರವನ್ನು ನಾನು ಓದಿದ ಬೇರೆ ಗ್ರಂಥಗಳಲ್ಲಿ ಕಾಣಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಅಲ್ಪವಾದುದರಿಂದ ಸಹಪಾಠಿಗಳಲ್ಲಿ ಬಹುಮಂದಿಗೆ ಆ ಕಥೆಗಳ ಪರಿಚಯವಿರಲಿಕ್ಕಿಲ್ಲ. ಪರಿಚಯವಿದ್ದವರಲ್ಲಿಯೂ ಒಂದು ಕಲ್ಪನೆ ಬೇರೂರಿದೆ: ಕ್ರೈಸ್ತನಾದವನು ಬಂದುದನ್ನೆಲ್ಲ ಸಹಿಸಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು ಎಂಬುದು. ಹೊರಗಿನವರು ಹೀಗೆ ತಿಳಿಯುತ್ತಾರೆ. ಒಳಗಿನವರಲ್ಲಿ ಕೆಲವರು ಹೀಗೆಯೇ ಬೋಧಿಸುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಗೊಣಗುವ ಚಟವನ್ನು ಗೆಲ್ಲುವುದೆಂದರೆ ಹೇಳಬೇಕಾದುದನ್ನು ಹೇಳಬೇಕಾದವರ ಮುಂದೆ, ಹೇಳಬೇಕಾದ ರೀತಿಯಲ್ಲಿ ಹೇಳಲು ಕಲಿಯುವುದು. ಬಾಯಿ ಮುಚ್ಚಿಕೊಳ್ಳುವುದಕ್ಕೆ ಬೈಬಲ್ಲಿನ ಆಧಾರ ಹುಡುಕುವವರು ಆ ಗ್ರಂಥವನ್ನು ಅರ್ಧಕ್ಕೆ ಓದಿ ಮುಚ್ಚಿದವರು.

ಐಗುಪ್ತ ದೇಶದ ದಾಸ್ಯದಿಂದ ಬಿಡುಗಡೆಯಾದ ಇಸ್ರಾಯೇಲ್ಯರು ಅರಣ್ಯದಲ್ಲಿ ಮೂರು ದಿನ ನಡೆದರೂ ನೀರು ಸಿಗಲಿಲ್ಲ. ಸಿಕ್ಕ ಮಾರಾ ಎಂಬ ಸ್ಥಳದ ನೀರು ಕಹಿ. ಏನು ಕುಡಿಯಬೇಕೆಂದು ಅವರು ಮೋಶೆಯ ಮೇಲೆ ಗುಣುಗುಟ್ಟಿದರು. ಈ ಕಥೆಯನ್ನು ಹೊಳೆಯ ದಂಡೆಯವರಿಗಿಂತ ನಾವು ಚೆನ್ನಾಗಿ ಬಲ್ಲೆವು. ನಮ್ಮದು ಆದಿಲಶಾಹಿ ಅರಸರು ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದ ಊರು. 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿಕೊಂಡ ಊರು. ಬಾಯಾರಿಕೆ ಇಲ್ಲಿ ಹೊಸ ದೂರಲ್ಲ. ದೇವರು ಕೂಡ ಮಾರಾದಲ್ಲಿ ಯಾರನ್ನೂ ದಂಡಿಸಲಿಲ್ಲವೆಂಬುದನ್ನು ಗಮನಿಸಬೇಕು. ಕಹಿ ನೀರು ಸಿಹಿಯಾಯಿತು, ಅಷ್ಟೆ. ಬಾಯಾರಿದವನು ನೀರು ಕೇಳುವುದು ಪಾಪವಲ್ಲ.

ಮುಂದೆ ಅವರ ಗೊಣಗಾಟದ ಬಣ್ಣ ಬದಲಾಯಿತು. ದಿನಾಲು ಮನ್ನವೆಂಬ ಆಹಾರ ದೊರೆಯುತ್ತಿದ್ದರೂ ಅವರಿಗೆ ಐಗುಪ್ತದ ಮೀನು, ಸೌತೆಕಾಯಿ, ಕಲ್ಲಂಗಡಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ನೆನಪಾದವು. ಉಳ್ಳಾಗಡ್ಡಿ ನೆನಪಾಯಿತು, ಬೆನ್ನ ಮೇಲೆ ಬಿದ್ದ ಚಾವಟಿ ನೆನಪಾಗಲಿಲ್ಲ! ಇಟ್ಟಿಗೆಯ ಕೆಲಸ ನೆನಪಾಗಲಿಲ್ಲ, ನದಿಗೆ ಎಸೆಯಲ್ಪಟ್ಟ ಗಂಡುಕೂಸುಗಳೂ ನೆನಪಾಗಲಿಲ್ಲ. ಗೊಣಗುವವನು ಇಂದಿನ ದಿನವನ್ನು ಹಳಿಯುವುದಕ್ಕಾಗಿ ನಿನ್ನೆಯ ದಿನಕ್ಕೆ ಸುಳ್ಳು ಬಣ್ಣ ಬಳಿಯುತ್ತಾನೆ. ನಮ್ಮ ಕಟ್ಟೆಗಳ ಮೇಲೆ ಕುಳಿತು ಹಿಂದಿನ ಕಾಲವನ್ನು ಹೊಗಳುವ ಹಿರಿಯರನ್ನು ಕಂಡಾಗ ನನಗೆ 1876ರಿಂದ 78ರ ವರೆಗಿನ ಬರಗಾಲ ನೆನಪಿಗೆ ಬರುತ್ತದೆ. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. 1885ರಲ್ಲಿ ಮುಖ್ಯಸ್ಥಳ ವಿಜಾಪುರಕ್ಕೆ ಬಂದಿತು. ಮುಂಬಯಿ ಪ್ರಾಂತದಲ್ಲಿ ಆ ಬರಕ್ಕೆ ಹೆಚ್ಚಾಗಿ ಬಲಿಯಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಿಂದಿನ ಕಾಲವೆಂಬುದರೊಳಗೆ ಆ ಎರಡು ವರ್ಷಗಳೂ ಸೇರಿವೆ.

ಇಸ್ರಾಯೇಲ್ಯರು ಗುಣುಗುಟ್ಟಿದ್ದು ತಮ್ಮ ಡೇರೆಗಳೊಳಗೆ ಕುಳಿತು ಎಂದು ಬೈಬಲ್ ಹೇಳುತ್ತದೆ. ಈ ಮಾತು ಬಹಳ ಅರ್ಥವುಳ್ಳದ್ದು. ಡೇರೆಯೊಳಗಿನ ಮಾತಿಗೆ ವಿಳಾಸವಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವನು ಅಲ್ಲಿರುವುದಿಲ್ಲ. ಇರುವವರು ಉತ್ತರ ಕೊಡಲಾರರು. ಅದೇ ಅರಣ್ಯದಲ್ಲಿ ಇನ್ನೊಂದು ದೂರು ಹುಟ್ಟಿತು. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ತೀರಿಕೊಂಡನು. ಅವನ ಐವರು ಹೆಣ್ಣುಮಕ್ಕಳು ಡೇರೆಯಲ್ಲಿ ಕುಳಿತು ಅಳಲಿಲ್ಲ. ಮೋಶೆ, ಯಾಜಕ, ಕುಲಾಧಿಪತಿಗಳು, ಸಮಸ್ತ ಸಮೂಹ—ಇವರೆಲ್ಲರ ಮುಂದೆ ಬಂದು ನಿಂತು, ಗಂಡುಮಗನಿಲ್ಲವೆಂಬ ಕಾರಣಕ್ಕೆ ತಮ್ಮ ತಂದೆಯ ಹೆಸರು ಅಳಿಯಬೇಕೇಕೆ, ತಮಗೂ ಭೂಮಿಯಲ್ಲಿ ಪಾಲು ಬೇಕೆಂದು ಕೇಳಿದರು. ಅವರು ಹೇಳುವುದು ನ್ಯಾಯವೆಂದು ದೇವರೇ ತೀರ್ಪು ಕೊಟ್ಟನು, ಕಾಯಿದೆಯೇ ಬದಲಾಯಿತು. (ನಮ್ಮ ರಾಜ್ಯದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಬಂದದ್ದು 1994ರಲ್ಲಿ. ಆ ಐವರು ಸೋದರಿಯರು ಎಷ್ಟು ಮುಂದೆ ನಡೆದಿದ್ದರೆಂಬುದನ್ನು ವಾಚಕರೇ ಎಣಿಸಬಹುದು.) ಯೋಬನೂ ದಾವೀದನೂ ದೇವರೊಡನೆಯೇ ಜಗಳಕ್ಕೆ ನಿಂತವರು. ಸ್ವತಃ ಕ್ರಿಸ್ತನು ಶಿಲುಬೆಯ ಮೇಲೆ, ತನ್ನ ಕೈಬಿಟ್ಟದ್ದೇಕೆಂದು ಕೂಗಿ ಕೇಳಿದನು. ಅವನು ಕೇಳಿದ್ದು ನೇರವಾಗಿ ದೇವರನ್ನು.

ಆದರೆ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಯಾವ ಕೆಲಸವನ್ನೇ ಆಗಲಿ ಗುಣುಗುಟ್ಟದೆ ಮಾಡಬೇಕೆಂದು ಹೇಳಿದ್ದಾನಲ್ಲ ಎಂದು ಯಾರಾದರೂ ಕೇಳಬಹುದು. ಹೇಳಿದ್ದಾನೆ ನಿಜ, ಸೆರೆಮನೆಯಲ್ಲಿದ್ದುಕೊಂಡು ಹೇಳಿದ್ದಾನೆ. ಆದುದರಿಂದ ಅದು ಸುಖವಾಗಿ ಕುಳಿತವನ ಪುಕ್ಕಟೆ ಉಪದೇಶವಲ್ಲ. ಆದರೆ ಇದೇ ಪೌಲನು ಇದೇ ಫಿಲಿಪ್ಪಿ ಪಟ್ಟಣದಲ್ಲಿ ಹಿಂದೆ ಹೇಗೆ ನಡೆದುಕೊಂಡನೆಂಬುದನ್ನು ಆ ವಾಕ್ಯವನ್ನು ಬೋಧಿಸುವವರು ಹೇಳುವುದಿಲ್ಲ. ಅಲ್ಲಿಯ ಅಧಿಕಾರಿಗಳು ಅವನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಛಡಿಗಳಿಂದ ಹೊಡೆಯಿಸಿ ಸೆರೆಗೆ ಹಾಕಿದರು. ಕಾಲಿಗೆ ಕೋಳ ಬಿದ್ದಿದ್ದರೂ ಇಬ್ಬರೂ ನಡುರಾತ್ರಿಯಲ್ಲಿ ದೇವರ ಸ್ತುತಿಗೀತೆ ಹಾಡಿದರು. ಬೆಳಗಾದ ಮೇಲೆ ಗುಟ್ಟಾಗಿ ಹೊರಟುಹೋಗಿರೆಂದು ಅಪ್ಪಣೆ ಬಂದಿತು. ಪೌಲನು ಹೋಗಲೊಲ್ಲೆನೆಂದನು! ತಾವು ರೋಮನ್ ಪ್ರಜೆಗಳು, ಬಹಿರಂಗವಾಗಿ ಹೊಡೆಯಿಸಿದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟುಹಿಡಿದನು. ಅಧಿಕಾರಿಗಳು ಬಂದು ಕೇಳಿಕೊಳ್ಳಬೇಕಾಯಿತು. ಆ ಊರಿನ ಸಭೆಯವರಿಗೇ ಅವನು ಮುಂದೆ ಗುಣುಗುಟ್ಟಬೇಡಿರೆಂದು ಬರೆದನು. ರಾತ್ರಿಯ ಹಾಡೂ ಬೆಳಗಿನ ಹಟವೂ ಒಬ್ಬನೇ ಮನುಷ್ಯನವು. ನಮ್ಮಲ್ಲಿ ರಾತ್ರಿಯೆಲ್ಲ ಗೊಣಗಿ, ಬೆಳಗಾದೊಡನೆ ಅಧಿಕಾರಿಯ ಮುಂದೆ ಕೈಮುಗಿದು ನಿಲ್ಲುವವರೇ ಹೆಚ್ಚು.

ಇನ್ನೊಂದು ಸ್ವಾರಸ್ಯವುಂಟು. ಆ ಪತ್ರದಲ್ಲಿ ಪೌಲನು ಬಳಸಿದ ಗ್ರೀಕ್ ಶಬ್ದ ‘ಗೊಂಗುಸ್ಮೊಸ್’. ನಮ್ಮ ಗೊಣಗು, ಗುಣುಗುಟ್ಟುಗಳಂತೆ ಅದೂ ಧ್ವನಿಯಿಂದಲೇ ಅರ್ಥ ಕೊಡುವ ಶಬ್ದ. ಅದೇ ಶಬ್ದ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿಯೂ ಬರುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಹಂಚಿಕೆಯ ಕಾಲಕ್ಕೆ ಗ್ರೀಕ್ ಭಾಷೆಯವರ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ಅವರ ಕಡೆಯವರು ಗುಣುಗುಟ್ಟಿದರು. ಅಪೊಸ್ತಲರು ಅವರನ್ನು ಗದರಿಸಲಿಲ್ಲ. ವಚನ ಹೇಳಿ ಸುಮ್ಮನಿರಿಸಲೂ ಇಲ್ಲ. ಸಭೆಯನ್ನು ಕೂಡಿಸಿ, ಈ ಕೆಲಸಕ್ಕೆ ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಆರಿಸಿ ಬಂದ ಏಳು ಜನರ ಹೆಸರುಗಳೂ ಗ್ರೀಕ್ ಹೆಸರುಗಳೇ! ಅಧಿಕಾರದಲ್ಲಿರುವವರಿಗೆ ಇದು ಒಳ್ಳೆಯ ಪಾಠ. ಗೊಣಗಾಟ ಹೆಚ್ಚಿರುವ ಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ ಮೊದಲು ಹುಡುಕಬೇಕಾದದ್ದು ಅಹವಾಲು ಕೇಳುವ ಬಾಗಿಲು ಎಲ್ಲಿ ಮುಚ್ಚಿದೆ ಎಂಬುದನ್ನು.

ತಿಕೋಟಾದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವವರಿಗೆ ಕ್ರಿಸ್ತನು ಹೇಳಿದ ದ್ರಾಕ್ಷಿ ತೋಟದ ಸಾಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಜಾನೆ ಬಂದವನಿಗೂ ಸಂಜೆ ಒಂದು ತಾಸು ದುಡಿದವನಿಗೂ ಧಣಿಯು ಒಂದೇ ಕೂಲಿ ಕೊಟ್ಟನು. ಮುಂಜಾನೆಯವರು ಗುಣುಗುಟ್ಟಿದರು. ಒಪ್ಪಿದ ಕೂಲಿಯಲ್ಲಿ ಅವರಿಗೆ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಪಕ್ಕದವನ ಕೈಯಲ್ಲಿಯೂ ಅಷ್ಟೇ ಇದ್ದುದು ಅವರ ದುಃಖ. ನಮ್ಮ ಗೊಣಗಾಟದಲ್ಲಿ ಎಷ್ಟು ಪಾಲು ಈ ಬಗೆಯದೆಂಬುದನ್ನು ಪರೀಕ್ಷೆಯ ಫಲಿತಾಂಶ ಬಂದ ದಿನ ಹಲಗೆಯ ಮುಂದೆ ನಿಂತು ನೋಡಬಹುದು. ಆದರೆ ಈ ಸಾಮ್ಯವನ್ನು ಹಿಡಿದುಕೊಂಡು ತೋಟದ ಯಜಮಾನರು ಹಿಗ್ಗಬಾರದು. ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ, ಬೆಳೆ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯು ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದಿದೆ. ನಾಲ್ಕೈದು ವಾಕ್ಯಗಳ ಆಚೆಗೆ, ಒಬ್ಬರ ಮೇಲೊಬ್ಬರು ಗುಣುಗುಟ್ಟಬೇಡಿರೆಂದೂ ಇದೆ. ಎರಡನ್ನೂ ಕೂಡಿಸಿ ಓದಬೇಕು.

ಹಾಗಾದರೆ ಚಟವನ್ನು ಬಿಡುವ ಬಗೆ ಯಾವುದು? ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕ್ರಿಸ್ತನು ಹೇಳಿದ ಕ್ರಮ ತೀರ ವ್ಯಾವಹಾರಿಕವಾದದ್ದು. ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನಿಗೇ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಜತೆಗೆ ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಯ ಮುಂದೆ ಇಡು. ನಾವು ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಿದ್ದೇವೆ. ಆಂತರಿಕ ಅಂಕಗಳಲ್ಲಿ ಎರಡು ಕಡಿಮೆ ಬಿದ್ದರೆ ಮೊದಲು ಕಟ್ಟೆಯ ಸಭೆಗೆ ತಿಳಿಯುತ್ತದೆ, ಆಮೇಲೆ ಒಬ್ಬಿಬ್ಬರು ಗೆಳೆಯರು ಮನೆಗೆ ಬಂದು ಸಂತಾಪ ಸೂಚಿಸುತ್ತಾರೆ. ಅಂಕ ಕೊಟ್ಟ ಗುರುಗಳಿಗೆ ಮಾತ್ರ ಕೊನೆಯ ವರೆಗೂ ತಿಳಿಯುವುದಿಲ್ಲ. ಅವರ ಖೋಲಿಯ ಬಾಗಿಲು ಹತ್ತು ಹೆಜ್ಜೆಯ ಮೇಲೆ ಇರುತ್ತದೆ. ಆ ಹತ್ತು ಹೆಜ್ಜೆ ನಡೆಯಲು ಧೈರ್ಯ ಬೇಕು, ನಮ್ಮ ಉತ್ತರಪತ್ರಿಕೆಯನ್ನು ನಾವೇ ಮತ್ತೊಮ್ಮೆ ಓದಿಕೊಂಡಿರಬೇಕು. ಗುರುಗಳೂ ಬಾಗಿಲು ತೆರೆದಿಡಬೇಕೆಂದು ಸವಿನಯವಾಗಿ ಅರಿಕೆ.

ಕೃತಜ್ಞತೆಯ ಮಾತನ್ನೂ ಹೇಳಬೇಕು. ಏಕೆಂದರೆ ಬರೀ ಅಹವಾಲುಗಳಿಂದ ಮನಸ್ಸು ಒಣಗುತ್ತದೆ. ಎಲ್ಲದರಲ್ಲಿಯೂ ಕೃತಜ್ಞರಾಗಿರಿ ಎಂಬುದು ಪೌಲನ ಬೋಧೆಯ ತಾತ್ಪರ್ಯ. ಎಲ್ಲದಕ್ಕಾಗಿಯೂ ಎಂದು ಅವನು ಅಲ್ಲಿ ಹೇಳಿಲ್ಲ. ಬರಗಾಲಕ್ಕಾಗಿ ಯಾರೂ ಸ್ತೋತ್ರ ಮಾಡಬೇಕಾಗಿಲ್ಲ. ಬರಗಾಲದಲ್ಲಿಯೂ ಸ್ತೋತ್ರಕ್ಕೆ ಕಾರಣ ಸಿಗುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ದಶಕಗಳು ಕಳೆದ ಮೇಲೆ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ನಮ್ಮ ಭಾಗದ ಕೆರೆಗಳಿಗೂ ಬಂದಿತು. ಆ ನೀರಿನ ಹಿಂದೆ ಎಷ್ಟೋ ಅರ್ಜಿಗಳಿವೆ, ಹೋರಾಟಗಳಿವೆ, ಹಿನ್ನೀರಿನಲ್ಲಿ ಮನೆ ಹೊಲಗಳನ್ನು ಕಳೆದುಕೊಂಡವರ ಕಣ್ಣೀರಿದೆ. ಕೆರೆ ತುಂಬಿತೆಂದು ಸಂತೋಷಪಡುವಾಗ ಆ ಜನರನ್ನು ನೆನೆಯುವುದೂ ಕೃತಜ್ಞತೆಯೊಳಗೇ ಸೇರಿದ್ದು. ಕೆರೆಯಲ್ಲಿ ನೀರು ಕಂಡ ಮೇಲೂ ‘ಇದೆಷ್ಟು ದಿನ?’ ಎನ್ನುವವರನ್ನು ಏನೆನ್ನಬೇಕೋ ತಿಳಿಯದು. ಇಂಥವರಿಗೆ ಮನ್ನವೂ ರುಚಿಸಲಾರದು.

ಒಂದು ಮಾತು ಉಳಿದಿದೆ. ನಮ್ಮ ಕಾಲೇಜಿಗೆ ಬರುವವರಲ್ಲಿ ಎಷ್ಟೋ ಜನ, ಮನೆತನದಲ್ಲಿ ಮೊದಲ ಸಲ ಪದವಿಯ ಪುಸ್ತಕ ಹಿಡಿದವರು, ನಾನೂ ಅವರಲ್ಲೊಬ್ಬ. ನಮ್ಮ ತಾಯಂದಿರು ಗೊಣಗುತ್ತಾರೆ. ಆ ಗೊಣಗಾಟವನ್ನು ಚಟವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ದೂರನ್ನು ಯಾರಿಗೆ ಕೊಡಬೇಕು, ಯಾವ ಕಾಗದದ ಮೇಲೆ ಬರೆಯಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಲಿಲ್ಲ; ಒಲೆಗೂ ಕೊಡಕ್ಕೂ ಹೇಳಿಕೊಂಡರು. ಮೂರು ವರ್ಷ ಬಿ.ಎ. ಓದಿದ ನಮಗೆ ಆ ಸಬೂಬು ಇಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ನಾನೊಂದು ಅರ್ಜಿ ಬರೆದು ಅವ್ವನಿಗೆ ಓದಿ ಹೇಳಿದೆ. ಕೇಳುವಾಗ ಅವಳು ಒಂದು ಸಲವೂ ಗೊಣಗಲಿಲ್ಲ. ಎರಡನೆಯ ಸಲ ಓದಿಸಿದಳು. ಅಧಿಕಾರಿಗಳನ್ನು ಚುಚ್ಚಿ ಬರೆದ ಒಂದು ಸಾಲನ್ನು ತೆಗೆಸಿದಳು. ಆಮೇಲೆ, “ಕಡೀ ಮನಿ ಮುದುಕಿಗೆ ನಳಾನ ಇಲ್ಲಲ್ಲೋ ತಮ್ಮಾ, ಮೊದಲ ಆಕಿ ಹೆಸರ ಬರಿ” ಎಂದಳು.