ಕಾರಿನ ಕಾರ್ಪೆಟ್ ತೊಳೆಯೋದೂ ಬೇಸಾಯದ ಕೆಲಸವೇ

ಈ ವಾರ ಬೆಳೆ, ಗೊಬ್ಬರ, ಮಳೆ ಯಾವುದರ ಬಗ್ಗೆಯೂ ಬರೀತಿಲ್ಲ. ಕಾರಿನ ಒಳಗೆ ಕಾಲಡಿ ಹಾಸಿರುವ ಕಾರ್ಪೆಟ್ ಬಗ್ಗೆ ಬರೀತಿದ್ದೀನಿ. ಕೃಷಿ ಲೇಖನದಲ್ಲಿ ಇದೇನಪ್ಪಾ ಅಂತ ನಗಬೇಡಿ, ಪೂರ್ತಿ ಓದಿ.

ನಾನಿರೋದು ಬೆಂಗಳೂರಿನ ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ ಹತ್ತಿರ. ಜಮೀನು ಮಾಗಡಿ ತಾಲ್ಲೂಕಿನಲ್ಲಿ, 3 ಎಕರೆ. ರಾಗಿ, ಅವರೆ, ಒಂದಿಷ್ಟು ಮಾವು, ತೆಂಗು. ನನ್ನಂಥವರು ಈ ಕಡೆ ಬಹಳ ಜನ. ಶನಿವಾರ ಬೆಳಗ್ಗೆ ಮಾಗಡಿ ರಸ್ತೆಯಲ್ಲಿ ನಿಂತು ನೋಡಿದರೆ ಎಷ್ಟೋ ಕಾರುಗಳ ಡಿಕ್ಕಿಯಲ್ಲಿ ಗುದ್ದಲಿ, ಪೈಪು, ಗೊಬ್ಬರದ ಚೀಲ ಇರುತ್ತೆ. ನಮಗೆ ಟ್ರ್ಯಾಕ್ಟರ್ ಇಲ್ಲ, ಗೂಡ್ಸ್ ಆಟೋ ಇಲ್ಲ. ಹೋಗುವಾಗ ಯೂರಿಯಾ, ಪೊಟ್ಯಾಷ್, ಔಷಧಿ. ಬರುವಾಗ ಸೊಪ್ಪು, ಅವರೆಕಾಯಿ, ತೆಂಗಿನಕಾಯಿ. ಎಲ್ಲಕ್ಕೂ ಒಂದೇ ಕಾರು. ಸೋಮವಾರ ಅದೇ ಕಾರಲ್ಲಿ ಮೊಮ್ಮಗಳು ಸ್ಕೂಲಿಗೆ.

ಹೋದ ವರ್ಷ ತೆಂಗಿನ ಸಸಿಗಳಿಗೆ ಗೆದ್ದಲು ಹತ್ತಿತ್ತು. ಕ್ಲೋರ್‌ಪೈರಿಫಾಸ್ ತಂದು ಬುಡಕ್ಕೆ ಹಾಕಿದೆ. ಅರ್ಧ ಉಳಿದ ಬಾಟಲಿಗೆ ಮುಚ್ಚಳ ತಿರುಗಿಸಿ, ಡ್ರೈವರ್ ಸೀಟಿನ ಹಿಂದೆ ನೆಲದ ಮೇಲಿಟ್ಟು ಮನೆಗೆ ಬಂದೆ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮನೆ ಮುಂದೆ ಬಾಗಿಲು ತೆಗೆದಾಗ ಗಾಟು ವಾಸನೆ. ಒಂದು ಲೋಟದಷ್ಟು ಚೆಲ್ಲಿತ್ತು. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಒಂದು ಬಕೆಟ್ ನೀರು ಸುರಿದು, ಸೋಪಿನ ಪುಡಿ ಹಾಕಿ ಉಜ್ಜಿದೆ. ಮಾರನೇ ದಿನ ವಾಟರ್ ಸರ್ವೀಸ್‌ಗೆ ಬಿಟ್ಟೆ. ಅವರಿಗೆ ಚೆಲ್ಲಿದ್ದು ಏನು ಅಂತ ನಾನು ಹೇಳಲೇ ಇಲ್ಲ. ಅವರು ಶಾಂಪೂ ಹಾಕಿ, ಸೆಂಟ್ ಹೊಡೆದು ಕೊಟ್ರು. ಎರಡು ದಿನ ಮಲ್ಲಿಗೆ ವಾಸನೆ. ಮೂರನೇ ದಿನ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ್ದೆ, ಹಳೇ ವಾಸನೆ ಮತ್ತೆ ಎದ್ದು ಬಂತು. ಆ ವಾರವೇ ಮೊಮ್ಮಗಳು ಸ್ಕೂಲಿಂದ ಬರುವಾಗ ತಲೆನೋವು ಅಂದಳು, ವಾಂತಿ ಮಾಡಿಕೊಂಡಳು. ಐದು ವರ್ಷದ ಮಗು, ಕೆಳಗೆ ಬಿದ್ದ ಬಿಸ್ಕತ್ತು ಎತ್ತಿ ತಿನ್ನೋ ವಯಸ್ಸು. ಡಾಕ್ಟರು, "ಇದರಿಂದಲೇ ಅಂತ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ" ಅಂದ್ರು. ಸೊಸೆ ಒಂದೇ ಮಾತು ಹೇಳಿದಳು: "ಮಾವ, ನೀವು ಬೇಕಾದ್ರೆ ಆ ಕಾರಲ್ಲಿ ಓಡಾಡಿ. ಮಗೂನ ಕೂರಿಸಬೇಡಿ."

ಸೀಟು ಬಿಚ್ಚಿಸಿ ಕಾರ್ಪೆಟ್ ಎತ್ತಿಸಿದಾಗ ವಿಷಯ ಗೊತ್ತಾಯ್ತು. ಕಾರ್ಪೆಟ್ ಕೆಳಗೆ ಬೆರಳು ದಪ್ಪದ ಫೆಲ್ಟ್ ಇರುತ್ತೆ, ಸದ್ದು ತಡೆಯೋಕೆ ಹಾಕಿರೋದು. ಮೇಲೆ ಸುರಿದ ನೀರು ವಿಷವನ್ನು ತೆಗೆದಿರಲಿಲ್ಲ, ಆ ಫೆಲ್ಟಿಗೆ ಇಳಿಸಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸದು ಹಾಕಿಸಿದ ಮೇಲೇ ವಾಸನೆ ಹೋಗಿದ್ದು.

ನಾವು ಅದಕ್ಕೆ "ಔಷಧಿ" ಅಂತೀವಿ. ಬಾಯಿಗೆ ಬಂದ ಆ ಪದವೇ ನಮ್ಮನ್ನು ಮೈಮರೆಸುತ್ತೆ ಅನ್ನೋದು ನನ್ನ ಅನಿಸಿಕೆ. ಬೆಳೆಗೆ ಔಷಧಿ, ಮಗುವಿಗೆ ಅದು ವಿಷ. "ನಮ್ಮಪ್ಪ ಬರಿಗೈಯಲ್ಲಿ ಕಲಸ್ತಿದ್ರು, ಏನೂ ಆಗಲಿಲ್ಲ" ಅನ್ನೋರು ಇದ್ದಾರೆ. ನಮ್ಮಪ್ಪನೂ ಹಾಗೇ ಕಲಸ್ತಿದ್ರು. ಆದರೆ ಅವರು ಅದನ್ನು ಗಾಜು ಏರಿಸಿದ ಎ.ಸಿ. ಕಾರಿನಲ್ಲಿ ಮಕ್ಕಳ ಜೊತೆ ತರ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ತರ್ತಿದ್ರು.

ಸಾಗಿಸುವಾಗ ಆಗೋ ಅನಾಹುತ ಹೊಸದಲ್ಲ. 1958ರಲ್ಲಿ ಕೇರಳದಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಪ್ಯಾರಾಥಿಯಾನ್ ಕೀಟನಾಶಕವನ್ನೂ ಗೋಧಿ ಹಿಟ್ಟನ್ನೂ ಒಟ್ಟಿಗೆ ಸಾಗಿಸಿದ್ದರು, ಸೋರಿದ ವಿಷ ಹಿಟ್ಟಿಗೆ ಸೇರಿತ್ತು. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆ ಬರೋದಕ್ಕೆ ಆ ದುರಂತವೂ ಕಾರಣ. ಕೀಟನಾಶಕವನ್ನು ಆಹಾರಕ್ಕಾಗಲಿ ಪಶು ಆಹಾರಕ್ಕಾಗಲಿ ತಾಗುವಂತೆ ಸಾಗಿಸಬಾರದು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಒಂದೇ ಡಿಕ್ಕಿಯಲ್ಲಿ ಔಷಧಿ ಬಾಟಲಿ, ಹಿಂಡಿ ಚೀಲ, ಸೊಪ್ಪಿನ ಕಟ್ಟು ತರುವ ನಾವು ದಿನಾ ಮುರೀತಿರೋದು ಇದನ್ನೇ.

ಚೆಲ್ಲಿದರೆ ಮಾತ್ರ ಅಪಾಯ ಅಂತಲೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ತೋಟದ ಕೆಲಸಗಾರರ ಮನೆಯ ಧೂಳು, ಕಾರಿನ ಧೂಳು ಎರಡನ್ನೂ ಪರೀಕ್ಷೆ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯ್ತು. ಪರೀಕ್ಷಿಸಿದ ಕಾರುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಕಾರುಗಳ ಧೂಳಿನಲ್ಲಿ ತೋಟಕ್ಕೆ ಹೊಡೆದ ಕೀಟನಾಶಕ ಸಿಕ್ಕಿತ್ತು. ಮನೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಚಪ್ಪಲಿ, ಬಟ್ಟೆಯಲ್ಲಿ ಕಾರಿಗೆ, ಕಾರಿನಿಂದ ಮನೆಗೆ.

ಹಾಗಾದರೆ ತೊಳೆಯೋದು ಹೇಗೆ?

ಮೊದಲು ಬರೀ ಮಣ್ಣಿನ ವಿಷಯ. ನಮ್ಮ ಕಡೆಯ ಕೆಂಪು ಮಣ್ಣು ಹಸಿ ಇರುವಾಗ ಉಜ್ಜಬೇಡಿ, ನೂಲಿನ ಒಳಗೆ ಇಳಿದು ಕೂರುತ್ತೆ. ಒಣಗಲು ಬಿಡಿ, ಬ್ರಷ್‌ನಿಂದ ಬಿಡಿಸಿ, ವ್ಯಾಕ್ಯೂಮ್ ಹಿಡಿಯಿರಿ. ಉಳಿದ ಕಲೆಗೆ ಮಗ್‌ನಷ್ಟು ನೀರಿಗೆ ಒಂದು ಚಮಚ ಸೋಪಿನ ದ್ರವ ಕಲಸಿ, ಬಟ್ಟೆ ಅದ್ದಿ ಹಿಂಡಿ ಒತ್ತಿ ತೆಗೆಯಿರಿ. ನೀರು ಸುರಿಯಬೇಡಿ.

ಯೂರಿಯಾ, ಪೊಟ್ಯಾಷ್ ಚೆಲ್ಲಿದರೆ ಒಣಗಿರುವಾಗಲೇ ಪೂರ್ತಿ ಗುಡಿಸಿ ತೆಗೀಬೇಕು. ಯೂರಿಯಾ ಗಾಳಿಯ ತೇವ ಹೀರಿ ಕರಗಿ, ಕೊಳೆತು ಅಮೋನಿಯಾ ವಾಸನೆ ಕೊಡುತ್ತೆ. ಪೊಟ್ಯಾಷ್‌ನಲ್ಲಿರೋ ಕ್ಲೋರೈಡು ಕಾರಿನ ತಳದ ತಗಡಿಗೆ ತುಕ್ಕು ಹಿಡಿಸುತ್ತೆ. ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪುಡಿ ಮಾತ್ರ ಹಾಕಲೇಬೇಡಿ. ಯೂರಿಯಾ, ಅಮೋನಿಯಾ ಜೊತೆ ಅದು ಸೇರಿದರೆ ವಿಷದ ಗಾಳಿ ಬರುತ್ತೆ.

ಕೀಟನಾಶಕ ಚೆಲ್ಲಿದರೆ ಮೊದಲು ಬಾಗಿಲು ಎಲ್ಲಾ ತೆಗೆಯಿರಿ, ಮಕ್ಕಳನ್ನು ದೂರ ಕಳಿಸಿ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ನೀರು ಮುಟ್ಟಬೇಡಿ. ಒಣ ಮಣ್ಣು ಅಥವಾ ಮರದ ಹೊಟ್ಟು ಸುರಿದು ಹೀರಲು ಬಿಡಿ, ಕವರಿಗೆ ತುಂಬಿ, ಮತ್ತೆ ಸುರಿಯಿರಿ. ಫೆಲ್ಟ್‌ಗೆ ಇಳಿದಿದ್ದರೆ ದುಡ್ಡಿನ ಮುಖ ನೋಡದೆ ಅಷ್ಟು ಭಾಗ ತೆಗೆಸಿ. ನೀರು ಕಲಸದ ಔಷಧಿ ಹೀರಿದ ಫೆಲ್ಟನ್ನು ಎಷ್ಟು ತೊಳೆದರೂ ನಂಬೋ ಹಾಗಿಲ್ಲ. ಸೀಟಿನಡಿ ಹಳದಿ ಬಣ್ಣದ ವೈರ್ ಜೋಡಣೆ ಕಂಡರೆ ಅದು ಏರ್‌ಬ್ಯಾಗ್‌ದು, ನೀವೇ ಬಿಚ್ಚಬೇಡಿ. ಕೆಲಸ ಮಾಡೋ ಹುಡುಗರಿಗೆ ಚೆಲ್ಲಿರೋದು ಏನು ಅಂತ ಹೇಳಿ, ಅವರೂ ಯಾರದೋ ಮಕ್ಕಳು. ಯಾರಿಗಾದರೂ ತಲೆ ಸುತ್ತು, ವಾಂತಿ, ಅತಿಯಾದ ಬೆವರು, ಜೊಲ್ಲು ಕಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿಯ ಲೇಬಲ್ ಜೊತೆಗೆ ತಗೊಂಡು ಹೋಗಿ.

ಏನೇ ತೊಳೆದರೂ ಅದೇ ದಿನ ಪೂರ್ತಿ ಒಣಗಬೇಕು. ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿ, ಟೇಬಲ್ ಫ್ಯಾನ್ ಇಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇದ್ದರೆ ಬೂಷ್ಟು ಗ್ಯಾರಂಟಿ.

ನೀರಿನ ಮಾತೂ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಕುಡಿಯೋ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಕಾರ್ಪೆಟ್‌ಗೆ ಅಷ್ಟು ನೀರು ಬೇಕಾಗೋದೂ ಇಲ್ಲ. ಇನ್ನು ಔಷಧಿ ತಾಗಿದ ಮ್ಯಾಟ್ ತೊಳೆದ ನೀರನ್ನು ಮನೆ ಮುಂದಿನ ಮೋರಿಗೆ ಬಿಡೋದಂತೂ ಅನ್ಯಾಯ. ಬಸವೇಶ್ವರನಗರದ ಮೋರಿ ನೀರು ವೃಷಭಾವತಿ ಸೇರುತ್ತೆ, ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ಆ ಕೆರೆ ನೀರಲ್ಲಿ ಬೆಳೆ ಬೆಳೆಯೋರೂ ನಮ್ಮಂಥ ರೈತರೇ. ಅಂಥ ಮ್ಯಾಟನ್ನು ಹೊಲಕ್ಕೇ ಒಯ್ದು, ಬಾವಿ, ಕೆರೆ, ದನದ ಕೊಟ್ಟಿಗೆಯಿಂದ ದೂರ, ಆ ಔಷಧಿ ಹಾಕಿದ ಜಾಗದಲ್ಲೇ ತೊಳೆಯಿರಿ.

ಇಷ್ಟೆಲ್ಲಾ ಹೇಳಿದರೂ ನನ್ನ ಅಭಿಪ್ರಾಯ ಒಂದೇ: ತೊಳೆಯೋದಕ್ಕಿಂತ ಒಳಗೆ ಬಿಡದಿರೋದು ಮೇಲು. ನಾನೀಗ ಡಿಕ್ಕಿಯಲ್ಲಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇಟ್ಟಿದ್ದೀನಿ. ಔಷಧಿ ಅದರೊಳಗೇ, ಬಾಟಲಿ ನೆಟ್ಟಗೆ, ಆ ಟ್ರಿಪ್ಪಿನಲ್ಲಿ ಸೊಪ್ಪೂ ಇಲ್ಲ, ಮೊಮ್ಮಗಳೂ ಇಲ್ಲ. ಬೇಕಾದಷ್ಟೇ ಚಿಕ್ಕ ಬಾಟಲಿ ತರ್ತೀನಿ, ಉಳಿಸಿ ವಾಪಸ್ ಮನೆಗೆ ತರಲ್ಲ. ಹೊಲದ ಚಪ್ಪಲಿ ಹೊಲದಲ್ಲೇ. ಕಾಲಡಿಗೆ ಅಂಚು ಎತ್ತರ ಇರೋ ರಬ್ಬರ್ ಮ್ಯಾಟ್.

ನಾನು ಹೋದ ತರಬೇತಿಗಳಲ್ಲೆಲ್ಲಾ ಔಷಧಿ ಹೊಡೆಯೋವಾಗ ಮಾಸ್ಕ್ ಹಾಕಿ, ಗಾಳಿಗೆ ಎದುರು ನಿಲ್ಲಬೇಡಿ ಅಂತ ಹೇಳಿಕೊಟ್ಟರು. ಅಂಗಡಿಯಿಂದ ಹೊಲಕ್ಕೆ ಹೇಗೆ ತರಬೇಕು ಅಂತ ಒಬ್ಬರೂ ಹೇಳಲಿಲ್ಲ. ಕೃಷಿ ವಿಜ್ಞಾನ ಕೇಂದ್ರಗಳೂ ರೈತ ಸಂಪರ್ಕ ಕೇಂದ್ರಗಳೂ ಈ ಪಾಠವನ್ನು ಸೇರಿಸಬೇಕು. ಮಾರೋ ಅಂಗಡಿಯವರು ಕೊಡುವಾಗಲೇ, "ಸಾರ್, ಇದನ್ನ ಸೀಟಿನ ಹತ್ತಿರ ಇಡಬೇಡಿ" ಅಂದರೂ ಸಾಕು.

ಈ ಭಾನುವಾರ ಹೊಲದಿಂದ ಬಂದ ಮೇಲೆ ಒಂದು ಕೆಲಸ ಮಾಡಿ. ಹಿಂದಿನ ಸೀಟಿನ ಮ್ಯಾಟ್ ಎತ್ತಿ, ಬಗ್ಗಿ, ಒಮ್ಮೆ ವಾಸನೆ ನೋಡಿ. ಮೊಮ್ಮಗಳು ನಮ್ಮ ಕಾರಿನಲ್ಲಿ ಮತ್ತೆ ಕೂತಿದ್ದು ಎರಡು ತಿಂಗಳ ಮೇಲೆ, ಸೊಸೆ ತಾನೇ ಹೀಗೆ ಬಗ್ಗಿ ನೋಡಿ "ಸರಿ ಮಾವ" ಅಂದ ಮೇಲೆ.